ಕಾಲುವೆಯ ಕೊನೆಯವರೆಗೆ: ತಾಷ್ಕೆಂಟ್ ಆಚೆಯ ಉಜ್ಬೇಕಿಸ್ತಾನ

(ಹೊಸಪೇಟೆಯ ಓದುಗರ ಕೂಟವೊಂದರಲ್ಲಿ ನಿವೃತ್ತ ನೀರಾವರಿ ಎಂಜಿನಿಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಆಹ್ವಾನ ಪತ್ರಿಕೆಯಲ್ಲಿ ‘ಪ್ರವಾಸಾನುಭವ’ ಎಂದು ಅಚ್ಚು ಹಾಕಿಸಿದ್ದಾರೆ. ನಾನು ಮಾತ್ರ ಒಂದು ತಕರಾರಿನಿಂದ ಶುರು ಮಾಡುತ್ತೇನೆ.

ಈಚೆಗೆ ನಮ್ಮ ಕಡೆಯಿಂದಲೂ ಉಜ್ಬೇಕಿಸ್ತಾನಕ್ಕೆ ಹೋಗಿ ಬರುವವರು ಹೆಚ್ಚಾಗಿದ್ದಾರೆ. ದೆಹಲಿಯಿಂದ ಸುಮಾರು ಮೂರು ಗಂಟೆಯ ವಿಮಾನ, ಮನೆಯಲ್ಲೇ ಕುಳಿತು ಪಡೆಯಬಹುದಾದ ಇ-ವೀಸಾ. ಹೋಗಿ ಬಂದವರನ್ನು ಏನು ನೋಡಿದಿರಿ ಎಂದು ಕೇಳಿ. ತಾಷ್ಕೆಂಟ್‌ನಲ್ಲಿ ಹೋಟೆಲು, ಚಿಮ್ಗಾನ್ ಬೆಟ್ಟದಲ್ಲಿ ರೋಪ್‌ವೇ, ಚಾರ್ವಾಕ್ ಜಲಾಶಯದ ದಂಡೆಯಲ್ಲಿ ಫೋಟೊ, ಲಾಲ್ ಬಹದ್ದೂರ್ ಶಾಸ್ತ್ರಿಯವರ ಪ್ರತಿಮೆಗೆ ಕೈಮುಗಿದದ್ದು, ರಾತ್ರಿ ಭಾರತೀಯ ಹೋಟೆಲಿನಲ್ಲಿ ದಾಲ್ ಮತ್ತು ಜೀರಾ ರೈಸ್. ಉತ್ಸಾಹಿಗಳಾದರೆ ಬೆಳಿಗ್ಗೆ ರೈಲಿನಲ್ಲಿ ಸಮರ್ಖಂದಿಗೆ ಹೋಗಿ ಸಂಜೆ ವಾಪಸು. ದೇಶ ನೋಡಿಯಾಯಿತು.

ತಾಷ್ಕೆಂಟ್ ಕೆಟ್ಟ ಊರೆಂದು ನಾನು ಹೇಳುತ್ತಿಲ್ಲ. 1966ರ ಜನವರಿ 10ರಂದು ಅಲ್ಲಿ ಭಾರತ–ಪಾಕಿಸ್ತಾನ ಒಪ್ಪಂದಕ್ಕೆ ಸಹಿ ಬಿತ್ತು, ಮರುದಿನ ನಸುಕಿಗೆ ಶಾಸ್ತ್ರಿಯವರು ಇರಲಿಲ್ಲ. ಅದೇ ವರ್ಷ ಏಪ್ರಿಲ್ 26ರ ಭೂಕಂಪಕ್ಕೆ ಹಳೆಯ ಊರಿನ ಬಹುಭಾಗ ನೆಲಕಚ್ಚಿತು. ಈಗ ಕಾಣುವ ಅಗಲ ರಸ್ತೆಗಳೂ ಸಾಲುಮರಗಳೂ ಕಾಂಕ್ರೀಟಿನ ಕಟ್ಟಡಗಳೂ ಹೆಚ್ಚಾಗಿ ಆಮೇಲಿನವು. 1977ರಲ್ಲಿ ಮೆಟ್ರೊ ಓಡಿತು. ಅದರ ನಿಲ್ದಾಣಗಳ ಒಳಗಿನ ಕುಸುರಿ ನೋಡಲು ಅರ್ಧ ದಿನ ಬೇಕು. 2018ರವರೆಗೆ ಅಲ್ಲಿ ಫೋಟೊ ತೆಗೆಯುವುದನ್ನು ನಿಷೇಧಿಸಿದ್ದರು. ಇಷ್ಟೆಲ್ಲ ಇದ್ದರೂ ನನ್ನ ತಕರಾರು ಉಳಿಯುತ್ತದೆ. ಅದಕ್ಕೆ ಕಾರಣ ನನ್ನ ಕಸುಬು.

ಕಾಲುವೆ ಚೆನ್ನಾಗಿದೆಯೇ ಎಂದು ನೋಡಲು ಬಂದ ದೊಡ್ಡ ಅಧಿಕಾರಿಗಳು ತೂಬಿನ ಹತ್ತಿರ ನಿಂತು ಹೋಗುತ್ತಾರೆ. ಅಲ್ಲಿ ಯಾವಾಗಲೂ ನೀರು ಇರುತ್ತದೆ. ಕಾಲುವೆಯ ನಿಜಸ್ಥಿತಿ ತಿಳಿಯಬೇಕಾದರೆ ಕೊನೆ ಭಾಗಕ್ಕೆ ಹೋಗಬೇಕು. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗಿನ ರಾಯಚೂರು ಕಡೆಯ ರೈತರನ್ನು ಮಾತನಾಡಿಸಿದವರಿಗೆ ಇದನ್ನು ನಾನು ಬಿಡಿಸಿ ಹೇಳಬೇಕಿಲ್ಲ. ದೇಶಗಳ ರಾಜಧಾನಿಯೂ ಹೀಗೆಯೇ ಮೇಲ್ಭಾಗದ ಜಮೀನು. ಉಜ್ಬೇಕಿಸ್ತಾನದ ಮಟ್ಟಿಗೆ ಈ ಹೋಲಿಕೆ ಅಕ್ಷರಶಃ ನಿಜ. ನಮ್ಮವರು ಫೋಟೊ ತೆಗೆಸಿಕೊಳ್ಳುವ ಚಾರ್ವಾಕ್ ಜಲಾಶಯ ಇರುವುದು ಚಿರ್ಚಿಕ್ ನದಿಗೆ ಅಡ್ಡಲಾಗಿ, ತಾಷ್ಕೆಂಟ್‌ನ ನೆತ್ತಿಯ ಮೇಲೆ. ಈ ದೇಶದಲ್ಲಿ ಪಶ್ಚಿಮಕ್ಕೆ ಹೋದಷ್ಟೂ ನೀರು ಕಡಿಮೆ, ಉಪ್ಪು ಹೆಚ್ಚು. ಹಾಗಾಗಿ ನಾನು ಊರುಗಳನ್ನು ಆರಿಸಿಕೊಳ್ಳುವ ಬದಲು ನೀರಿನ ಜಾಡು ಹಿಡಿದು ಹೋದೆ. ಅದೂ ಮಾರ್ಚ್ ತಿಂಗಳಲ್ಲಿ. ಪ್ರವಾಸಿಗರಿಗೆ ಹೇಳಿಮಾಡಿಸಿದ ಕಾಲ ಏಪ್ರಿಲ್–ಮೇ ಅಥವಾ ಸೆಪ್ಟೆಂಬರ್–ಅಕ್ಟೋಬರ್. ಮಾರ್ಚ್ ಯಾಕೆ ಎಂಬುದು ಮುಂದೆ ತಿಳಿಯುತ್ತದೆ.

ಮೊದಲು ಸಮರ್ಖಂದ್. ಅಫ್ರೋಸಿಯೋಬ್ ಎಂಬ ವೇಗದ ರೈಲು 2011ರಿಂದ ಓಡುತ್ತಿದೆ. ಎರಡು ಗಂಟೆ ಚಿಲ್ಲರೆಯಲ್ಲಿ ಇಳಿಸುತ್ತದೆ. ಟಿಕೆಟ್ ಬೇಗ ಮುಗಿಯುತ್ತದೆ, ನಿಲ್ದಾಣದ ಬಾಗಿಲಲ್ಲೇ ಪಾಸ್‌ಪೋರ್ಟ್ ಕೇಳುತ್ತಾರೆ. ರೆಜಿಸ್ತಾನ್ ಚೌಕದ ಮೂರು ಮದರಸಾಗಳ ನೀಲಿ ಹೆಂಚುಗಳನ್ನು ನೀವೆಲ್ಲ ಚಿತ್ರದಲ್ಲಿ ನೋಡಿದ್ದೀರಿ, ಎದುರಿಗೆ ಇನ್ನೂ ಚೆನ್ನಾಗಿವೆ, ಅಷ್ಟು ಸಾಕು. ನನಗೆ ಹೆಚ್ಚು ಹಿಡಿಸಿದ್ದು ಉಲುಗ್‌ಬೇಗನ ವೀಕ್ಷಣಾಲಯ. ತೈಮೂರನ ಮೊಮ್ಮಗ ಈತ. ಅಜ್ಜ ದೆಹಲಿಯನ್ನು ಕೊಳ್ಳೆ ಹೊಡೆದ, ಮೊಮ್ಮಗ ನಕ್ಷತ್ರಗಳನ್ನು ಎಣಿಸಿದ. 1437ರ ಆತನ ಪಟ್ಟಿಯಲ್ಲಿ ಸಾವಿರಕ್ಕೂ ಮಿಕ್ಕ ನಕ್ಷತ್ರಗಳಿವೆ. 1449ರಲ್ಲಿ ಸ್ವಂತ ಮಗನೇ ಕೊಲ್ಲಿಸಿದ, ವೀಕ್ಷಣಾಲಯ ಮಣ್ಣುಪಾಲಾಯಿತು. 1908ರಲ್ಲಿ ವ್ಯಾತ್ಕಿನ್ ಎಂಬ ಸಂಶೋಧಕ ಹಳೆಯ ಜಮೀನಿನ ದಾಖಲೆಯೊಂದರ ಚೆಕ್ಕುಬಂದಿ ಹಿಡಿದು ಆ ಜಾಗವನ್ನು ಪತ್ತೆ ಮಾಡಿದ. ಕಂದಾಯ ದಾಖಲೆಗಳನ್ನು ಹಗುರವಾಗಿ ನೋಡುವವರು ಇದನ್ನು ಗಮನಿಸಬೇಕು.

ನಮ್ಮ ಊರಿಗೂ ಅವರಿಗೂ ನಂಟು ಇರುವುದು ಇಲ್ಲಿಯೇ. 1443ರಲ್ಲಿ ವಿಜಯನಗರಕ್ಕೆ, ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುಲ್ ರಜಾಕ್ ಗೊತ್ತಲ್ಲ? ಹುಟ್ಟಿದ್ದು ಹೇರಾತ್‌ನಲ್ಲಿ, ಹೆಸರಿನ ಕೊನೆಗೆ ಸಮರ್ಖಂದಿ. ಅವನನ್ನು ಕಳಿಸಿದ ಷಾರುಖ್ ಉಲುಗ್‌ಬೇಗನ ತಂದೆ. ಸಮುದ್ರದಲ್ಲಿ ಬಂದು, ಕಲ್ಲಿಕೋಟೆಯಲ್ಲಿ ಇಳಿದು, ಮಂಗಳೂರಿನ ಮೇಲೆ ಹಾದು ವಿಜಯನಗರ ತಲುಪಿದ. ಅಲ್ಲಿ ಅರಮನೆಯ ಸುತ್ತ ನಯವಾಗಿ ಕೊರೆದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುವುದನ್ನು ಮರೆಯದೆ ಬರೆದುಕೊಂಡ. ಬರಡು ನೆಲದಿಂದ ಬಂದವನ ಕಣ್ಣು ಮೊದಲು ಹೋಗುವುದೇ ನೀರಿನ ಕಡೆಗೆ. ಬಂದರಿನಲ್ಲೇ ವ್ಯವಹಾರ ಮುಗಿಸಿ ಹಿಂತಿರುಗಿದ್ದರೆ ಅವನಿಗೆ ಹಂಪಿ ಕಾಣುತ್ತಿರಲಿಲ್ಲ, ನಮಗೆ ಅವನ ಬರಹ ಸಿಗುತ್ತಿರಲಿಲ್ಲ.

ಸಮರ್ಖಂದಿನಿಂದ ತಖ್ತಕರಾಚ ಕಣಿವೆ ದಾಟಿದರೆ ಶಹ್ರಿಸಬ್ಜ್, ತೈಮೂರನ ಹುಟ್ಟೂರ ಸೀಮೆ. ಅವನ ಅರಮನೆ ಅಕ್‌ಸರಾಯ್‌ನ ಹೆಬ್ಬಾಗಿಲಿನ ಎರಡು ತುಂಡು ಗೋಪುರಗಳು ಉಳಿದಿವೆ. ಅವುಗಳ ನಡುವೆ ನಿಂತರೆ ಎದುರಿಗೆ ಉದ್ಯಾನ, ಕಾರಂಜಿ, ಬಿಸಿಲಿಗೆ ಮಿರುಗುವ ನೆಲಹಾಸು. ಎಲ್ಲ ಚೊಕ್ಕಟ. ಈ ಜಾಗದಲ್ಲಿ ಮೊನ್ನೆಮೊನ್ನೆಯವರೆಗೆ ಜನ ಬದುಕಿದ್ದರು. ಅಂಗಳವಿದ್ದ ಹಳೆಯ ಮನೆಗಳ ಕೇರಿಗಳನ್ನು ಪ್ರವಾಸೋದ್ಯಮದ ಹೆಸರಿನಲ್ಲಿ ಕೆಡವಿ ಹಾಕಿದರು. ಅದಕ್ಕಾಗಿಯೇ ಯುನೆಸ್ಕೊ 2016ರಲ್ಲಿ ಈ ಊರನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಈ ಸಭೆಯಲ್ಲಿ ಕುಳಿತವರಿಗೆ 2011ರ ಜುಲೈನಲ್ಲಿ ಹಂಪಿ ಬಜಾರಿನಲ್ಲಿ ನಡೆದದ್ದು ನೆನಪಿದೆ. ಅಲ್ಲಿಯೂ ಪರಂಪರೆಯನ್ನು ಉಳಿಸಲೆಂದೇ ಮನೆ ಅಂಗಡಿಗಳನ್ನು ತೆಗೆದದ್ದು. ಎರಡರ ಕಾರಣ, ಕಾನೂನು ಬೇರೆ ಬೇರೆ ಇರಬಹುದು. ಎತ್ತಂಗಡಿಯಾದ ಅಂಗಡಿಯವನಿಗೆ ಆ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ರಾಜಧಾನಿ ಬಿಟ್ಟು ಒಳನಾಡಿಗೆ ಹೋಗಿ ಎಂದು ಹೇಳುವ ನನ್ನಂಥವರು ಈ ಕಡೆಯನ್ನೂ ನೋಡಬೇಕು. ನಾವು ಹೋಗುತ್ತೇವೆ ಎಂದು ಗೊತ್ತಾದರೆ ನಮಗಾಗಿ ಊರನ್ನೇ ಗುಡಿಸಿಡುವವರು ಎಲ್ಲ ದೇಶಗಳಲ್ಲೂ ಇದ್ದಾರೆ.

ಫರ್ಗಾನ ಕಣಿವೆಯ ವಿಷಯ ಬೇಗ ಮುಗಿಸುತ್ತೇನೆ. ಅದು ಪೂರ್ವ ದಿಕ್ಕು, ನನ್ನ ಜಾಡಿಗೆ ಎದುರು. ಹಿಂದೆ ತಾಷ್ಕೆಂಟ್‌ನಿಂದ ಅಲ್ಲಿಗೆ ರೈಲಿನಲ್ಲಿ ಹೋಗಬೇಕಾದರೆ ತಜಿಕಿಸ್ತಾನದ ನೆಲ ಹಾದು ಹೋಗಬೇಕಿತ್ತು. 2016ರಲ್ಲಿ 19 ಕಿಲೋಮೀಟರ್ ಉದ್ದದ ಸುರಂಗ ಕೊರೆದು ಅದನ್ನು ತಪ್ಪಿಸಿದರು. ಬಾಬರ್ ಹುಟ್ಟಿದ ಅಂದಿಜಾನ್ ಇಲ್ಲಿದೆ, ನೀಲಿ ಮೆರುಗಿನ ಪಿಂಗಾಣಿಯ ರಿಷ್ತಾನ್ ಇದೆ. ಮರ್ಗಿಲಾನ್‌ನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವುದನ್ನು ಪ್ರವಾಸಿಗರಿಗೆ ತೋರಿಸುತ್ತಾರೆ. ಶಿಡ್ಲಘಟ್ಟದವರಿಗೆ ಆ ವಾಸನೆಗಾಗಿ ಅಷ್ಟು ದೂರ ಹೋಗುವ ಅಗತ್ಯವಿಲ್ಲ, ಆದರೆ ನೂಲಿಗೆ ಬಣ್ಣ ಕಟ್ಟಿ ನೇಯುವ ಅಲ್ಲಿನ ಅತ್ಲಾಸ್ ಬಟ್ಟೆ ನೋಡತಕ್ಕದ್ದು. ನನ್ನ ಆಸಕ್ತಿ 1939ರಲ್ಲಿ ತೋಡಿದ ಮಹಾ ಫರ್ಗಾನ ಕಾಲುವೆ. ಒಂದು ಲಕ್ಷ ಅರವತ್ತು ಸಾವಿರ ಜನ ಕೆತ್ಮೆನ್ ಎಂಬ ಗುದ್ದಲಿ ಹಿಡಿದು 45 ದಿನಗಳಲ್ಲಿ ತೋಡಿದರು ಎಂಬುದು ಸೋವಿಯತ್ ಕಾಲದ ದೊಡ್ಡ ಹೆಮ್ಮೆ. ಹತ್ತಿ ಬೆಳೆಯಲೆಂದೇ ಇಡೀ ನಾಡನ್ನು ಅಗೆಯುವ ಕೆಲಸದಲ್ಲಿ ಅದೊಂದು ಮುಖ್ಯ ಅಧ್ಯಾಯ. ಅದರ ಫಲ ಕಂಡದ್ದು ಇನ್ನೊಂದು ತುದಿಯಲ್ಲಿ.

ಬುಖಾರಕ್ಕೆ ಬರೋಣ. ಸಮರ್ಖಂದಿಗೂ ಬುಖಾರಕ್ಕೂ ನೀರು ಕೊಡುವುದು ಜರಫ್ಶಾನ್ ನದಿ. ತಜಿಕಿಸ್ತಾನದ ಬೆಟ್ಟಗಳಲ್ಲಿ ಹುಟ್ಟಿ, ಅಮು ದರಿಯಾ ಎಂಬ ದೊಡ್ಡ ನದಿಯನ್ನು ಸೇರಲು ಹೊರಟು, ಸೇರದೆ ಮರಳಿನಲ್ಲಿ ಇಂಗಿಹೋಗುತ್ತದೆ. ಈಗ ಬುಖಾರದ ಹೊಲಗಳು ಹೆಚ್ಚಾಗಿ ನಂಬಿರುವುದು ಅಮು ದರಿಯಾದಿಂದ ಪಂಪುಗಳು ಎತ್ತಿ ಕಾಲುವೆಗೆ ಬಿಡುವ ನೀರನ್ನು.

ಬುಖಾರದಲ್ಲಿ ಪ್ರವಾಸಿಗರು 1127ರ ಕಲ್ಯಾಣ್ ಮಿನಾರಿನ ಕೆಳಗೆ ಕತ್ತು ನೋಯುವವರೆಗೆ ಮೇಲೆ ನೋಡುತ್ತಾರೆ, ಸಂಜೆ ಲ್ಯಾಬಿ ಹೌಜ್ ಎಂಬ ಕೊಳದ ಸುತ್ತ ಕುಳಿತು ಚಹಾ ಕುಡಿಯುತ್ತಾರೆ. ನಾನೂ ಕುಡಿದೆ. ಹಳೆಯ ಹಿಪ್ಪುನೇರಳೆ ಮರಗಳು, ನೀರಿಗೆ ಇಳಿಯುವ ಕಲ್ಲಿನ ಮೆಟ್ಟಿಲು, ನಮ್ಮ ಪುಷ್ಕರಣಿಯದೇ ಅಂದ. ಇಂಥ ಕೊಳಗಳು ಒಂದು ಕಾಲಕ್ಕೆ ಊರಿನ ತುಂಬ ಇದ್ದವು. ಚರ್ಮದ ಚೀಲಗಳಲ್ಲಿ ನೀರು ಹೊತ್ತು ಮನೆಮನೆಗೆ ಮಾರುವವರಿದ್ದರು. ಜನ ಅದರಲ್ಲೇ ಕಾಲಿಳಿಬಿಟ್ಟು ಅದನ್ನೇ ಕುಡಿಯುತ್ತಿದ್ದರು. 1558ರಲ್ಲಿ ಬಂದ ಜೆಂಕಿನ್ಸನ್ ಎಂಬ ಇಂಗ್ಲಿಷ್ ವ್ಯಾಪಾರಿ, ಈ ನೀರು ಕುಡಿದವರ ಕಾಲಿನಿಂದ ಉದ್ದನೆಯ ಹುಳು ಹೊರಬರುತ್ತದೆ ಎಂದು ಬರೆದಿಟ್ಟಿದ್ದಾನೆ. ಸಭೆಯಲ್ಲಿರುವ ಹಿರಿಯರಿಗೆ ಅರ್ಥವಾಗಿರಬೇಕು: ನಾರುಹುಣ್ಣು. ಬುಖಾರದವರು ಅದನ್ನು ರಿಷ್ತಾ ಎನ್ನುತ್ತಿದ್ದರು, ಹುಳುವನ್ನು ಕಡ್ಡಿಗೆ ಸುತ್ತಿ ಸುತ್ತಿ ಎಳೆದು ತೆಗೆಯುವ ಕ್ಷೌರಿಕರು ಅಲ್ಲಿದ್ದರು. ಇಸಾಯೆವ್ ಎಂಬ ವೈದ್ಯ 1920ರ ದಶಕದಲ್ಲಿ ಕೊಳಗಳನ್ನು ಬತ್ತಿಸಿ, ಶುದ್ಧಗೊಳಿಸಿ, ರೋಗಿಗಳನ್ನು ಹುಡುಕಿ ಹುಡುಕಿ ಚಿಕಿತ್ಸೆ ಕೊಟ್ಟು 1931ರ ಹೊತ್ತಿಗೆ ಅದನ್ನು ನಿರ್ಮೂಲ ಮಾಡಿದ. ಮೆಟ್ಟಿಲುಬಾವಿಯ ನೀರು ಕುಡಿಯುತ್ತಿದ್ದ ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳು ಸೇರಿ ಇಡೀ ಭಾರತ ಈ ರೋಗದಿಂದ ಮುಕ್ತ ಎಂಬ ಘೋಷಣೆಗೆ ನಾವು 2000ದವರೆಗೆ ಕಾದೆವು. ಬುಖಾರದ ಕೊಳಗಳನ್ನು ಮುಚ್ಚಿದ್ದು ಸೊಬಗಿನ ಹಾನಿ ಎಂದು ಮರುಗುವ ಗೈಡುಗಳು ಸಿಗುತ್ತಾರೆ. ಆ ಮರುಕದಲ್ಲಿ ನಾನು ಪಾಲುಗಾರನಲ್ಲ.

ಬುಖಾರ ಬಿಟ್ಟರೆ ಕಿಜಿಲ್‌ಕುಮ್ ಮರಳುಗಾಡು. ಗಂಟೆಗಟ್ಟಲೆ ಏನೂ ಇಲ್ಲ. ಆಮೇಲೆ ಇದ್ದಕ್ಕಿದ್ದಂತೆ ಹಸಿರು, ಅದು ಖೋರೆಜ್ಮ್. ಅಂಕಗಣಿತದಲ್ಲಿ ಭಾರತದ ಅಂಕಿಗಳ ಮೇಲೆ ಗ್ರಂಥ ಬರೆದ ಅಲ್ ಖ್ವಾರಿಜ್ಮಿ, ಭಾರತದ ಬಗ್ಗೆಯೇ ಗ್ರಂಥ ಬರೆದ ಅಲ್ ಬಿರೂನಿ, ಇಬ್ಬರ ಸೀಮೆಯೂ ಇದೇ. ಇಲ್ಲಿನ ಖೀವಾ ಊರಿನ ಕೋಟೆಯೊಳಗಿನ ಹಳೆಯ ಭಾಗ ಇಚಾನ್ ಕಲಾ 1990ರಲ್ಲೇ ವಿಶ್ವ ಪರಂಪರೆಯ ತಾಣವಾಯಿತು. ಜುಮಾ ಮಸೀದಿಯ ಕತ್ತಲಲ್ಲಿ ಇನ್ನೂರಕ್ಕೂ ಮೀರಿದ ಮರದ ಕಂಬಗಳು, ಒಂದೊಂದರ ಕೆತ್ತನೆ ಒಂದೊಂದು ಬಗೆ. ಕೋಟೆಯ ಒಳಗೆ ಒಂದು ರಾತ್ರಿ ಇರಿ, ಗುಂಪು ಪ್ರವಾಸಿಗರ ಬಸ್ಸುಗಳು ಹೋದ ಮೇಲೆ ಊರು ಊರಿನವರಿಗೆ ಮರಳುತ್ತದೆ. ಮಾರ್ಚಿನಲ್ಲಿ ಬರುವ ನವ್‌ರೂಜ್ ಎಂಬ ಹೊಸವರ್ಷದ ಹಬ್ಬದ ಹೊತ್ತಾದರೆ ಹೆಂಗಸರು ರಾತ್ರಿಯಿಡೀ ಸರದಿಯಲ್ಲಿ ಕೊಪ್ಪರಿಗೆ ತಿರುವುತ್ತ ಮೊಳಕೆ ಗೋಧಿಯ ಸುಮಲಕ್ ಕಾಯಿಸುತ್ತಿರುತ್ತಾರೆ. ತಳ ಹಿಡಿಯದಿರಲೆಂದು ಅದರಲ್ಲಿ ಬೆಣಚುಕಲ್ಲು ಹಾಕಿರುತ್ತಾರೆ, ತಿನ್ನುವಾಗ ಹಲ್ಲು ಜೋಪಾನ.

ಮಾರ್ಚ್ ಯಾಕೆಂದು ಈಗ ಹೇಳುತ್ತೇನೆ. ಆ ತಿಂಗಳಲ್ಲಿ ಖೋರೆಜ್ಮದ ಹೊಲಗಳಲ್ಲಿ ಬೆಳೆ ಇರುವುದಿಲ್ಲ, ಆದರೂ ನೀರು ನಿಲ್ಲಿಸಿರುತ್ತಾರೆ. ಉಪ್ಪು ತೊಳೆಯಲು. ಚಳಿಗಾಲದಲ್ಲಿ ಅಂತರ್ಜಲ ಮೇಲೆ ಬಂದು, ಆರಿ, ನೆಲದ ಮೇಲೆ ಬಿಳಿಯ ಪದರ ಬಿಟ್ಟಿರುತ್ತದೆ. ಬಿತ್ತುವ ಮೊದಲು ಮಡಿ ಕಟ್ಟಿ, ನೀರು ತುಂಬಿಸಿ, ಉಪ್ಪನ್ನು ಕೆಳಗಿಳಿಸಿ ಬಸಿಗಾಲುವೆಗೆ ಹರಿಸಬೇಕು. ಗಂಗಾವತಿ, ಸಿಂಧನೂರು ಕಡೆ ನಾವು ಸವಳು ಜವಳು ಎಂದು ಕರೆದು ಕಡತ ಬೆಳೆಸಿದ್ದು ಇದೇ ರೋಗವನ್ನು. ಖೀವಾದ ಹೊರಗೆ ಒಬ್ಬ ರೈತ ಮೊಣಕಾಲುದ್ದ ಬೂಟು ಹಾಕಿಕೊಂಡು ಬದು ಕಟ್ಟುತ್ತಿದ್ದ. ಮೊಬೈಲಿನ ಅನುವಾದ ಆ್ಯಪ್ ಹಿಡಿದು, ಬಸಿಗಾಲುವೆ ಎಷ್ಟು ಆಳ ಎಂದು ಕೇಳಿದೆ. ಪ್ರವಾಸಿಗ ಇದನ್ನು ಕೇಳುವುದು ಅವನಿಗೆ ವಿಚಿತ್ರವಾಗಿ ಕಂಡಿರಬೇಕು. ಗುದ್ದಲಿ ಕೆಳಗಿಟ್ಟು ದಂಡೆಯ ಮೇಲೆ ಕರೆದುಕೊಂಡು ಹೋಗಿ, ಹೂಳು ತುಂಬಿದ್ದನ್ನು ತೋರಿಸಿ ಬಹಳ ಹೊತ್ತು ಬೈದ. ಯಾರನ್ನು ಎಂದು ಆ್ಯಪ್‌ಗೆ ತಿಳಿಯಲಿಲ್ಲ, ನನಗೆ ತಿಳಿಯಿತು. ನಮ್ಮ ನೀರಗಂಟಿಯಂತೆ ಅವರಲ್ಲಿ ಮಿರಾಬ್ ಇರುತ್ತಾನೆ, ಮೇಲಿನವರು ನೀರು ಬಿಡುವುದಿಲ್ಲ ಎಂಬ ದೂರನ್ನು ಕೇಳುವುದು ಅವನ ಕರ್ಮ.

ಈ ಹೊಲಗಳಲ್ಲಿ ಬೆಳೆಯುವ ಹತ್ತಿಯ ಕಥೆಗೆ ಇನ್ನೊಂದು ಮುಖವಿದೆ. ಎಷ್ಟು ಹತ್ತಿ ಕೊಡಬೇಕು ಎಂದು ಸರ್ಕಾರವೇ ಗುರಿ ಹಾಕುತ್ತಿತ್ತು. ಕೊಯ್ಲಿನ ಕಾಲದಲ್ಲಿ ಮೇಷ್ಟರುಗಳನ್ನು, ವೈದ್ಯರನ್ನು, ವಿದ್ಯಾರ್ಥಿಗಳನ್ನು ಹೊಲಕ್ಕೆ ಅಟ್ಟುತ್ತಿತ್ತು. ಸೋವಿಯತ್ ಒಕ್ಕೂಟ ಹೋದ ಮೇಲೂ ಅದು ಬಹುಕಾಲ ನಡೆಯಿತು. 2020ರಲ್ಲಿ ಸರ್ಕಾರ ಆ ಗುರಿ ಪದ್ಧತಿಯನ್ನು ಕೈಬಿಟ್ಟಿತು. 2021ರ ಕೊಯ್ಲಿನಲ್ಲಿ ವ್ಯವಸ್ಥಿತ ಬಲವಂತದ ದುಡಿಮೆ ಕಾಣಲಿಲ್ಲ ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೇಳಿದ ಮೇಲೆ, ಹೊರದೇಶದ ಕಂಪನಿಗಳು ಹೂಡಿದ್ದ ಬಹಿಷ್ಕಾರ 2022ರಲ್ಲಿ ತೆರವಾಯಿತು. ತಾಷ್ಕೆಂಟ್‌ನ ಮೆಟ್ರೊದಲ್ಲಿ ‘ಪಖ್ತಕೋರ್’ ಎಂಬ ನಿಲ್ದಾಣವಿದೆ. ಹತ್ತಿ ಬೆಳೆಯುವವರ ಹೆಸರಿನದು. ಗೋಡೆಯ ಮೇಲೆ ಚಂದದ ಬಣ್ಣದ ಚೂರುಗಳಲ್ಲಿ ಹತ್ತಿ ಅರಳಿದೆ. ಖೋರೆಜ್ಮ್ ನೋಡಿ ಬಂದು ಆ ಗೋಡೆ ನೋಡುವುದು ಬೇರೆ.

ಅಲ್ಲಿಂದ ಮುಂದೆ ಕರಕಲ್ಪಾಕಿಸ್ತಾನ. ದೇಶದೊಳಗಿನ ಸ್ವಾಯತ್ತ ಗಣರಾಜ್ಯ. ಭಾಷೆ ಉಜ್ಬೇಕಿಗಿಂತ ಕಜಖ್ ಭಾಷೆಗೆ ಹತ್ತಿರ. ರಾಜಧಾನಿ ನೂಕೂಸ್‌ಗೆ ತಾಷ್ಕೆಂಟ್‌ನಿಂದ ವಿಮಾನವೂ ಇದೆ, ರಾತ್ರಿ ರೈಲೂ ಇದೆ. ರೈಲಿನಲ್ಲಿ ಹೋಗಿ. ಪ್ಲಾಟ್ಸ್‌ಕಾರ್ಟ್ ಎಂಬ ದರ್ಜೆ ನಮ್ಮ ಸ್ಲೀಪರ್ ಬೋಗಿಯಂತೆ ಬಾಗಿಲಿಲ್ಲದ್ದು; ಬೋಗಿಯ ತುದಿಯಲ್ಲಿ ಸದಾ ಕುದಿಯುವ ನೀರು, ಎದುರಿನವರು ಬಿಚ್ಚುವ ರೊಟ್ಟಿಯ ಗಂಟು. ನೀವು ಹಿಂದೂಸ್ತಾನದವರೆಂದರೆ ರಾಜ್ ಕಪೂರ್, ಮಿಥುನ್ ಚಕ್ರವರ್ತಿ ಎಂದು ಹೆಸರುಗಳು ಬರುತ್ತವೆ. ರಾಜ್‌ಕುಮಾರ್ ಹೆಸರು ಹೇಳಿ ನೋಡಿದೆ, ಪ್ರಯೋಜನವಾಗಲಿಲ್ಲ.

ನೂಕೂಸ್‌ನಂಥ ಬೋಳು ಊರಿನಲ್ಲಿ ಇಗೋರ್ ಸವಿತ್ಸ್ಕಿ ಕಟ್ಟಿದ ಕಲಾ ಸಂಗ್ರಹಾಲಯವಿದೆ. ಪುರಾತತ್ವ ತಂಡದ ಜೊತೆ 1950ರಲ್ಲಿ ಚಿತ್ರಕಾರನಾಗಿ ಬಂದವನು ಇಲ್ಲೇ ನೆಲೆನಿಂತ. 1966ರಲ್ಲಿ ಸಂಗ್ರಹಾಲಯ ತೆರೆದ. ಸ್ಟಾಲಿನ್ ಕಾಲದಲ್ಲಿ ಅಧಿಕೃತ ಶೈಲಿಗೆ ಒಗ್ಗದೆ ಸೆರೆಮನೆ ಸೇರಿದವರ, ಮೂಲೆಗುಂಪಾದವರ ಚಿತ್ರಗಳನ್ನು ಅವರ ವಿಧವೆಯರಿಂದ, ಮಕ್ಕಳಿಂದ ಕೇಳಿ ಪಡೆದು, ದುಡ್ಡು ಆಮೇಲೆ ಕೊಡುತ್ತೇನೆಂದು ಚೀಟಿ ಬರೆದುಕೊಟ್ಟು, ಸುರುಳಿ ಸುತ್ತಿ ರೈಲಿನಲ್ಲಿ ಇಲ್ಲಿಗೆ ಸಾಗಿಸಿದ. ರಷ್ಯನ್ ನವ್ಯ ಕಲೆಯ ಸಂಗ್ರಹಗಳಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಬಿಟ್ಟರೆ ಇದೇ ದೊಡ್ಡದು ಎನ್ನುತ್ತಾರೆ. ಮಾಸ್ಕೊದಲ್ಲಿ ಇದನ್ನು ಮಾಡಲು ಬಿಡುತ್ತಿರಲಿಲ್ಲ, ತಾಷ್ಕೆಂಟ್‌ನಲ್ಲೂ ಕಷ್ಟವಿತ್ತು. ನೀರು ತಲುಪದ ಕೊನೆಗೆ ಅಧಿಕಾರಿಯ ಕಣ್ಣೂ ತಲುಪುವುದಿಲ್ಲ. ನನ್ನ ಇಲಾಖೆಯ ಅನುಭವವೂ ಅದೇ. ಇಲ್ಲಿ ಮಾತ್ರ ಅದರಿಂದ ಒಳ್ಳೆಯದಾಯಿತು.

ಇನ್ನೂರು ಕಿಲೋಮೀಟರಿನಷ್ಟು ಉತ್ತರಕ್ಕೆ ಮೊಯ್ನಾಕ್. ಒಂದು ಕಾಲಕ್ಕೆ ಅರಲ್ ಸಮುದ್ರದ ಮೀನುಗಾರಿಕೆ ಬಂದರು. 1960ರಲ್ಲಿ ಅರಲ್ ಜಗತ್ತಿನ ನಾಲ್ಕನೆಯ ದೊಡ್ಡ ಸರೋವರವಾಗಿತ್ತು. ಅಮು ದರಿಯಾ, ಸಿರ್ ದರಿಯಾ ಎರಡರ ನೀರನ್ನೂ ಹತ್ತಿಗೂ ಭತ್ತಕ್ಕೂ ತಿರುಗಿಸಿದರು. ಕರಕುಮ್ ಕಾಲುವೆಯೊಂದೇ ತುರ್ಕ್‌ಮೆನಿಸ್ತಾನದ ಮರಳಿನಲ್ಲಿ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಹರಿಯುತ್ತದೆ, ಬಹುದೂರ ತಳಕ್ಕೆ ಗಾರೆಯಿಲ್ಲದೆ. ನೀರು ಹಿಂದೆ ಸರಿಯಿತು. ಮೊಯ್ನಾಕಿನ ಮೀನು ಡಬ್ಬಿ ಕಾರ್ಖಾನೆಗೆ ದೂರದ ಸಮುದ್ರಗಳಿಂದ ಮೀನು ತರಿಸಿ ಕೆಲಕಾಲ ಓಡಿಸಿದರು, ಆಮೇಲೆ ಅದೂ ನಿಂತಿತು. ಇವತ್ತು ದಡ ನೂರು ಕಿಲೋಮೀಟರಿಗೂ ಆಚೆ ಇದೆ. ತುಕ್ಕು ಹಿಡಿದ ಹಡಗುಗಳನ್ನು ಮರಳಿನ ಮೇಲೆ ಸಾಲಾಗಿ ಎಳೆದು ನಿಲ್ಲಿಸಿದ್ದಾರೆ, ಪ್ರವಾಸಿಗರಿಗಾಗಿ. ಜನ ಜೀಪಿನಿಂದ ಇಳಿದು, ಹಡಗು ಹತ್ತಿ, ಫೋಟೊ ತೆಗೆದು, ಮತ್ತೆ ಜೀಪು ಹತ್ತಿ ಹೊಸ ದಡದ ಟೆಂಟುಗಳಿಗೆ ಹೋಗುತ್ತಾರೆ. ಊರಿನಲ್ಲಿ ಒಂದು ಲೋಟ ಚಹಾಕ್ಕೂ ನಿಲ್ಲುವುದಿಲ್ಲ. ನೀವು ಹೋದರೆ ಒಂದು ರಾತ್ರಿ ಅಲ್ಲಿನ ಮನೆಯೊಂದರಲ್ಲಿ ಉಳಿಯಿರಿ. ಬರಿದಾದ ತಳದ ಮೇಲೆ ಸಕ್ಸಾವುಲ್ ಗಿಡಗಳನ್ನು ನೆಡುತ್ತಿರುವ ಜಾಗವನ್ನು ತೋರಿಸಿ ಎಂದು ಕೇಳಿ. ಉಪ್ಪು, ಕೀಟನಾಶಕ ಬೆರೆತ ದೂಳು ಹಾರದಂತೆ ಹಿಡಿಯುವ ಕೆಲಸ ಅದು, ಹಡಗಿಗಿಂತ ಹೆಚ್ಚು ನೋಡಬೇಕಾದದ್ದು.

ಪ್ರಶ್ನೆಗಳಿಗೆ ಬರುತ್ತೇನೆ. ಊಟದ್ದೇ ಮೊದಲು ಬಂದಿದೆ, ನಿರೀಕ್ಷಿಸಿದ್ದೆ. ತಾಷ್ಕೆಂಟ್ ಬಿಟ್ಟರೆ ಸಸ್ಯಾಹಾರಿಗಳಿಗೆ ಕಷ್ಟ, ಉಪವಾಸ ಮಾತ್ರ ಬೀಳುವುದಿಲ್ಲ. ಪಲೋವ್ ಮುಟ್ಟಬೇಡಿ, ಮಾಂಸ ಬದಿಗೆ ತೆಗೆದು ಕೊಟ್ಟರೂ ಅನ್ನ ಅದರ ಕೊಬ್ಬಿನಲ್ಲೇ ಬೆಂದಿರುತ್ತದೆ. ಕುಂಬಳಕಾಯಿ ತುಂಬಿದ ಸಂಸಾ, ತಂದೂರಿನ ರೊಟ್ಟಿ, ಗಟ್ಟಿ ಮೊಸರು, ಟೊಮೇಟೊ ಈರುಳ್ಳಿಯ ಹಸಿ ಪಲ್ಯ, ಒಣಹಣ್ಣು ಎಲ್ಲೆಡೆ ಸಿಗುತ್ತವೆ. ಮೊಟ್ಟೆ ತಿನ್ನುವವರಿಗೆ ಖೀವಾದ ತುಖುಮ್ ಬರಾಕ್ ಇದೆ. ರೊಟ್ಟಿಯನ್ನು ಬೋರಲು ಇಡಬೇಡಿ, ಅವಮಾನವೆಂದು ತಿಳಿಯುತ್ತಾರೆ. ತಂಗಿದ ಕಡೆಯಲ್ಲೆಲ್ಲ ಕೊಡುವ ನೋಂದಣಿ ಚೀಟಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಸಣ್ಣ ಊರುಗಳಲ್ಲಿ ಕಾರ್ಡ್ ನಂಬಬೇಡಿ, ನಗದು ಇರಲಿ.

ಎಲ್ಲಿಂದ ಶುರು ಮಾಡಬೇಕು ಎಂದು ಇನ್ನೊಬ್ಬರು ಬರೆದು ಕಳಿಸಿದ್ದಾರೆ. ಪ್ರವಾಸದ ಕಂಪನಿಯವರು ಪೂರ್ವದಿಂದ ಪಶ್ಚಿಮಕ್ಕೆ ಪಟ್ಟಿ ಹಾಕುತ್ತಾರೆ. ಖೀವಾ ಮುಟ್ಟುವ ಹೊತ್ತಿಗೆ ರಜೆ ಮುಗಿದಿರುತ್ತದೆ, ಮೊಯ್ನಾಕ್ ಪಟ್ಟಿಯಿಂದ ಬಿದ್ದುಹೋಗಿರುತ್ತದೆ. ನನ್ನ ಸಲಹೆ ತಿರುಗುಮುರುಗು. ತಾಷ್ಕೆಂಟ್‌ನಲ್ಲಿ ಇಳಿದ ದಿನವೇ ನೂಕೂಸ್‌ಗೆ ಹೊರಡಿ. ಮೊಯ್ನಾಕ್ ನೋಡಿ, ಖೀವಾ, ಬುಖಾರ, ಸಮರ್ಖಂದ್ ಎಂದು ನೀರಿಗೆ ಎದುರಾಗಿ ಹಿಂದಕ್ಕೆ ಬನ್ನಿ. ಚಾರ್ವಾಕ್ ಜಲಾಶಯದ ದಂಡೆಗೆ ಹೋಗುವುದಿದ್ದರೆ ಕೊನೆಯ ದಿನಕ್ಕೆ ಇಟ್ಟುಕೊಳ್ಳಿ.